ಕೈಲಾಸಂ ಅವರ ವ್ಯಸನ

ಕನ್ನಡದಲ್ಲಿ ವ್ಯಸನವೆಂಬ ಮಾತಿಗೆ ಎರಡು ಅರ್ಥಗಳುಂಟು. ಬಿಡಲಾಗದ ಚಟವೂ ವ್ಯಸನವೇ, ಮನಸ್ಸನ್ನು ಕೊರೆಯುವ ದುಃಖವೂ ವ್ಯಸನವೇ. ಪ್ರಾಚೀನರು ಸಪ್ತವ್ಯಸನಗಳನ್ನು ಎಣಿಸಿ ಪಾನವನ್ನು ಅವುಗಳಲ್ಲಿ ಸೇರಿಸಿದಾಗ ಮೊದಲನೆಯ ಅರ್ಥವನ್ನೇ ಮನಸ್ಸಿನಲ್ಲಿಟ್ಟಿದ್ದರು. ತ್ಯಾಗರಾಜ ಪರಮಶಿವ ಕೈಲಾಸಂ ಅವರ ಜೀವನವನ್ನು ನೆನೆದಾಗಲೆಲ್ಲ ಎರಡನೆಯದೂ ನನ್ನ ಬೆನ್ನು ಹತ್ತುತ್ತದೆ.

ಹೆಬ್ಬಾಳದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುವ ನಾನು, ಹಲವು ವರ್ಷ, ಕೈಲಾಸಂ ನಾಟಕವನ್ನು ಆರಂಭಿಸುವ ಮುನ್ನ ಅವರ ಸಿಗರೇಟು, ಸೀಸೆ, ಚಟಾಕಿಗಳ ಕಥೆ ಹೇಳಿ ತರಗತಿಯನ್ನು ನಗಿಸುತ್ತಿದ್ದೆ. ಅಧ್ಯಾಪಕನಿಗೆ ಇದಕ್ಕಿಂತ ಸುಲಭವಾದ ಪೀಠಿಕೆ ಬೇರೊಂದಿಲ್ಲ. ಒಂದು ದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಗಂಟೆ ಹೊಡೆದ ಮೇಲೆ ಬಳಿಗೆ ಬಂದು, ಅವರ ಮನೆಯವರ ಗತಿ ಏನಾಗಿರಬೇಕೆಂದಷ್ಟೇ ಕೇಳಿ ಹೊರಟುಹೋದ. ಆ ಹುಡುಗನ ಮನೆಯ ಸಂಗತಿ ನನಗೆ ತಿಳಿದದ್ದು ಆಮೇಲೆ. ಅಂದಿನಿಂದ ಆ ಪೀಠಿಕೆಯನ್ನು ಕೈಬಿಟ್ಟಿದ್ದೇನೆ. ಅದರ ಬದಲಿಗೆ ಹೇಳಬೇಕಾದುದು ಇದು.

ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಋಗ್ವೇದದ ಮಂತ್ರಗಳಿಗೆ ಭೂಗರ್ಭಶಾಸ್ತ್ರದ ದೃಷ್ಟಿಯಿಂದ ಅರ್ಥ ಹೇಳಲೆಳಸಿದ ವಿಲಕ್ಷಣ ವಿದ್ವಾಂಸರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1909ರಲ್ಲಿ ಲಂಡನ್ನಿಗೆ ತೆರಳಿ, ಅದೇ ಭೂಗರ್ಭಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಅಂಗಸಾಧನೆಯಲ್ಲಿಯೂ ಆಟದಲ್ಲಿಯೂ ಆಸಕ್ತರಾದ ಗಟ್ಟಿಮುಟ್ಟಾದ ತರುಣ ಅವರು. ಹಗಲು ಕಲ್ಲುಗಳ ಶಾಸ್ತ್ರ, ಸಂಜೆ ರಂಗಭೂಮಿ. ಇವೆರಡರಲ್ಲಿ ಯಾವುದು ಅವರಲ್ಲಿ ನೆಲೆಗೊಂಡಿತೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. 1915ರಲ್ಲಿ ಹಿಂದಿರುಗಿ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ, ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ನಿಯತವಾದ ಉದ್ಯೋಗವೆಂಬುದಿರಲಿಲ್ಲ.

ಆದರೆ ಎಂತಹ ಫಸಲು! ಟೊಳ್ಳುಗಟ್ಟಿ, ಹೋಂ ರೂಲು, ಪೋಲಿ ಕಿಟ್ಟಿ, ಅಮ್ಮಾವ್ರ ಗಂಡ, ಬಹಿಷ್ಕಾರ, ಸೂಳೆ. ಬೆಂಗಳೂರು ಮೈಸೂರುಗಳ ಮಧ್ಯಮವರ್ಗದ ಮನೆಗಳಲ್ಲಿ ಆಡುತ್ತಿದ್ದ, ಇಂಗ್ಲಿಷು ಬೆರೆತ ಕನ್ನಡ ಮೊದಲ ಬಾರಿಗೆ ರಂಗದ ಮೇಲೆ ಕಾಲೂರಿ ನಿಂತಿತು. ವಿಲಾಯಿತಿಯ ಟಿಪ್ಪೆರರಿ ಅವರ ಬಾಯಲ್ಲಿ ತಿಪ್ಪಾರಹಳ್ಳಿಯಾಯಿತು. ನಾಟಕವನ್ನು ಅವರು ಬರೆಯುತ್ತಿರಲಿಲ್ಲ, ಮನಸ್ಸಿನಲ್ಲಿ ಕಟ್ಟುತ್ತಿದ್ದರು. ನೂಕ್ ಎಂದು ತಾವೇ ಹೆಸರಿಟ್ಟಿದ್ದ ಅಸ್ತವ್ಯಸ್ತವಾದ ಬಿಡಾರದಲ್ಲಿ ಕುಳಿತು, ಎಲ್ಲ ಪಾತ್ರಗಳನ್ನೂ ತಾವೊಬ್ಬರೇ ಆಡಿ ತೋರಿಸುತ್ತಿದ್ದರು. ಕಾಗದಕ್ಕಿಳಿಸುವ ಕೆಲಸ ಮಿತ್ರರ ಪಾಲಿಗೆ. ಒಂದು ಸಿಗರೇಟಿನ ಕಿಡಿಯಿಂದ ಮತ್ತೊಂದು ಹೊತ್ತಿಕೊಳ್ಳುತ್ತಿತ್ತು. ಕುಡಿತವೂ ಜತೆಗಿತ್ತು. ಇದನ್ನು ಅವರು ಮುಚ್ಚಿಡಲಿಲ್ಲ, ಮಿತ್ರರೂ ಮುಚ್ಚಿಡಲಿಲ್ಲ.

ನಾವು ಮಾಡಿದ ತಪ್ಪು ಇಲ್ಲಿಂದ ಆರಂಭವಾಗುತ್ತದೆ. ಕೆಲವರು ಇದನ್ನು ಶೀಲದ ಕೊರತೆಯೆಂದು ತಳ್ಳಿದರು. ಹೆಚ್ಚಿನವರು ಪ್ರತಿಭೆಯ ಅಲಂಕಾರವೆಂದು ಮೆಚ್ಚಿದರು. ಇಂದಿನ ವೈದ್ಯಶಾಸ್ತ್ರ ಈ ಎರಡನ್ನೂ ಒಪ್ಪುವುದಿಲ್ಲ. ಮದ್ಯದ ವ್ಯಸನಕ್ಕೆ ತುತ್ತಾಗುವ ಸಂಭವದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಆನುವಂಶಿಕವೆಂದು ಅವಳಿ ಮಕ್ಕಳ ಅಧ್ಯಯನಗಳಿಂದ ತಿಳಿದುಬಂದಿದೆ. ಎಳೆಯ ವಯಸ್ಸಿನಲ್ಲಿ ಆರಂಭಿಸಿದವನಿಗೆ ಅಪಾಯ ಅಧಿಕ. ವಿವೇಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಹೊಗೆಯೊಡನೆ ಒಳಹೊಕ್ಕ ನಿಕೋಟಿನ್ ಮಿದುಳನ್ನು ಮುಟ್ಟಲು ಹತ್ತಿಪ್ಪತ್ತು ಸೆಕೆಂಡು ಸಾಕು. ಇಷ್ಟು ಶೀಘ್ರವಾದ ಬಹುಮಾನವನ್ನು ಮಿದುಳು ಮರೆಯುವುದಿಲ್ಲ. ಇದು ದೇಹದ ಮಾತು. ಖಿನ್ನತೆ, ಆತಂಕ, ಬಾಲ್ಯದ ನೋವು, ದುಡುಕುವ ಸ್ವಭಾವ, ಇವು ಮನಸ್ಸಿನ ಕಡೆಯಿಂದ ದಾರಿ ಮಾಡಿಕೊಡುತ್ತವೆ. ಇನ್ನುಳಿದದ್ದು ಸಮಾಜ: ಸುಲಭವಾಗಿ ದೊರೆಯುವ ಅಂಗಡಿ, ಕೈಗೆ ಕೊಡುವ ಗೆಳೆಯ, ಸೈ ಎನ್ನುವ ನೆರೆ. ಯಾವುದೊಂದೂ ತಾನಾಗಿಯೇ ವ್ಯಸನಿಯನ್ನು ನಿರ್ಮಿಸುವುದಿಲ್ಲ. ಕೂಡಿಕೊಂಡಾಗ ಪಾರಾಗುವುದು ಕಷ್ಟ.

ಕೈಲಾಸಂ ಅವರ ದೇಹದಲ್ಲಿ ಏನಿತ್ತು, ಮನಸ್ಸಿನಲ್ಲಿ ಏನಿತ್ತು ಎಂದು ತೀರ್ಪು ಕೊಡಲು ನಾನು ವೈದ್ಯನಲ್ಲ. ವೈದ್ಯನಾಗಿದ್ದರೂ ತೀರಿಹೋದವರ ನಾಡಿ ಹಿಡಿಯಲಾದೀತೆ? ಸಮಾಜದ ಪಾಲನ್ನು ಮಾತ್ರ ನಾವು ಬಲ್ಲೆವು. ಅವರು ಲಂಡನ್ನಿನಲ್ಲಿದ್ದ ಕಾಲಕ್ಕೆ ಸಿಗರೇಟು ನಾಗರಿಕತೆಯ ಚಿಹ್ನೆ. 1914ರ ಯುದ್ಧ ಆರಂಭವಾದ ಮೇಲೆ ಸೈನಿಕನ ಪಡಿತರದಲ್ಲಿಯೂ ಅದು ಸೇರಿತು. ಹೊಗೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅದೇ ಲಂಡನ್ನಿನಲ್ಲಿ ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದು 1950ರಲ್ಲಿ. ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ ಅಮೆರಿಕದಲ್ಲಿ ಹುಟ್ಟಿದ್ದು 1935ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಏರ್ಪಟ್ಟದ್ದು 1990ರ ದಶಕದಲ್ಲಿ. ಕೈಲಾಸಂ ಬಿಡಬೇಕೆಂದು ಬಯಸಿದ್ದರೂ ಬಾಗಿಲು ತಟ್ಟಲು ಅಂದಿನ ಬೆಂಗಳೂರಿನಲ್ಲಿ ಒಂದು ಮನೆ ಇರಲಿಲ್ಲ. ನೂಕ್‌ನಲ್ಲಿ ಸುತ್ತ ಕುಳಿತವರಂತೂ ನಗಲು ಬಂದವರು. ಅವರನ್ನು ದೂರುವ ಹಕ್ಕು ನನಗಿಲ್ಲ. ಅಲ್ಲಿದ್ದಿದ್ದರೆ ನಾನೂ ಚಾಪೆಯ ಒಂದು ಮೂಲೆ ಹಿಡಿದಿರುತ್ತಿದ್ದೆ.

ಸೀಸೆಯಿಲ್ಲದೆ ಸ್ಫೂರ್ತಿಯಿಲ್ಲವೆಂದು ನಂಬುವ ತರುಣ ಕವಿಗಳು ಇಂದಿಗೂ ನನ್ನ ತರಗತಿಗಳಲ್ಲಿದ್ದಾರೆ. ಅವರಿಗೆ ನಾನು ಜಿ. ಪಿ. ರಾಜರತ್ನಂ ಅವರನ್ನು ತೋರಿಸುತ್ತೇನೆ. ಕನ್ನಡದ ಅಮರ ಕುಡುಕನಾದ ರತ್ನನನ್ನು ಸೃಷ್ಟಿಸಿದ ಅವರು ಕುಡಿತವನ್ನು ಮುಟ್ಟಿದವರಲ್ಲ. ಕೈಲಾಸಂ ಬರೆಸಿದ್ದು ಕುಡಿತದಿಂದಲ್ಲ, ಕುಡಿತವಿದ್ದಾಗ್ಯೂ ಎಂದು ನನ್ನ ಅಭಿಪ್ರಾಯ. ಪೋಲಿಯೆಂದು ಶಾಲೆ ಹೆಸರಿಟ್ಟ ಕಿಟ್ಟಿಯ ಒಳಗಿನ ಮನುಷ್ಯನನ್ನು ಕಂಡುಹಿಡಿದ ನಾಟಕಕಾರನಿಗೆ ನಾವು ಕೊಟ್ಟದ್ದೂ ಒಂದು ಹೆಸರನ್ನೇ, ಮತ್ತು ಒಳಗೆ ನೋಡದೆ.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮರುವರ್ಷ ನವೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು 62. ಬಾಯಲ್ಲೇ ಇದ್ದ ಎಷ್ಟೋ ಕೃತಿಗಳು ಅವರೊಡನೆ ಹೋದವು. ಇಂಗ್ಲಿಷಿನಲ್ಲಿ ಅವರು ಕಟ್ಟಿದ್ದ ಕೀಚಕ ನಾಟಕ ಮಾತ್ರ, ಕೇಳಿದ್ದ ಮಿತ್ರರೊಬ್ಬರು ನೆನಪಿನಿಂದ ಬರೆದಿಟ್ಟುದರ ಫಲವಾಗಿ, 1949ರಲ್ಲಿ ಅಚ್ಚಿನ ರೂಪದಲ್ಲಿ ನಮಗೆ ದೊರೆಯಿತು.