ಗಿರಣಿ ಊರಿನ ಗ್ರೀಕ್ ವಕೀಲ

ಹತ್ತಿ ಬೆಳೆಯುವವನಿಗೆ ಗಿರಣಿ ಮುಚ್ಚಿದ ಊರು ಹೆಂಗಿರ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದೋನಿ ಸೀಮೆಯ ರೈತನಾದ ನಾನು ಅಮೆರಿಕದ ಒಬ್ಬ ವಕೀಲನ ಬಗ್ಗೆ ಬರೆಯಲು ಕೂತಿದ್ದಕ್ಕೆ ಈ ಹತ್ತಿಯೇ ಕಾರಣ. ಆತನ ಹೆಸರು ಪಾಲ್ ಸಾಂಗಸ್, ಊರು ಮಸಾಚುಸೆಟ್ಸ್ ರಾಜ್ಯದ ಲೋವೆಲ್.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. ಗ್ರೀಕರಲ್ಲಿ ಅದು ‘ತ್ಸ’ ಎಂದು ಶುರುವಾಗುತ್ತದೆ. ಇಂಗ್ಲಿಷಿನವರ ನಾಲಿಗೆ ಹೊರಳದೆ ಮುಂದಿನ ‘ತ’ ಬಿದ್ದುಹೋಯಿತು. ತೆಲುಗು ಬಲ್ಲ ನಮಗೆ ಇದೇನು ಕಷ್ಟವಲ್ಲ. ಸಾಕು ಅನ್ನೋದಕ್ಕೆ ತೆಲುಗಿನವರು ‘ಚಾಲು’ ಎಂದು ಬರೆದು ‘ತ್ಸಾಲು’ ಅಂತಾರೆ. ಆದರೆ ಓಟು ಕೇಳುವವನ ಹೆಸರೇ ಜನರ ಬಾಯಲ್ಲಿ ನಿಲ್ಲದಿದ್ದರೆ ಏನು ಮಾಡೋದು? ಈತ ಜಾಣ. ಮಂದಿ ತನ್ನ ಹೆಸರು ತಪ್ಪಾಗಿ ಹೇಳೋದನ್ನೇ 1978ರ ಚುನಾವಣೆಯಲ್ಲಿ ಟಿ.ವಿ. ಜಾಹೀರಾತು ಮಾಡಿಸಿಬಿಟ್ಟ.

ಲೋವೆಲ್ ಸಾಮಾನ್ಯ ಊರಲ್ಲ. 1820ರ ದಶಕದಲ್ಲಿ ಮೆರಿಮ್ಯಾಕ್ ನದಿಯ ನೀರನ್ನು ಕಾಲುವೆಗಳಿಗೆ ಹರಿಸಿ, ಆ ನೀರಿನ ಬಲದಿಂದ ಮಗ್ಗ ಓಡಿಸಿದ ಊರು. ಹತ್ತಿ ಬರುತ್ತಿದ್ದದ್ದು ದಕ್ಷಿಣದ ರಾಜ್ಯಗಳಿಂದ, ಗುಲಾಮರು ಬೆವರು ಹರಿಸಿ ಬಿಡಿಸಿದ ಹತ್ತಿ. ಮಗ್ಗದ ಮುಂದೆ ಮೊದಮೊದಲು ನಿಂತವರು ಸುತ್ತಲಿನ ಹಳ್ಳಿಗಳ ರೈತರ ಹೆಣ್ಣುಮಕ್ಕಳು. 1834ರಲ್ಲಿ ಕೂಲಿ ಕಡಿಮೆ ಮಾಡಹೊರಟಾಗ ಕೆಲಸ ಬಿಟ್ಟು ಬೀದಿಗಿಳಿದ ಗಟ್ಟಿಗಿತ್ತಿಯರು ಅವರು! ಅವರ ನಂತರ ಐರಿಷ್ ಜನ, ಕೆನಡಾದ ಫ್ರೆಂಚರು, ಗ್ರೀಕರು ಹೊಟ್ಟೆಪಾಡಿಗೆ ಬಂದು ಸೇರಿದರು. 1920ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೂಲಿ ಅಗ್ಗವಿದ್ದ ದಕ್ಷಿಣಕ್ಕೆ ಬಟ್ಟೆ ಕೆಲಸ ಹೋಯಿತು. ಉಳಿದದ್ದು ಇಟ್ಟಿಗೆ ಗೋಡೆ, ಕೊಳಕು ಕಾಲುವೆ, ಕೆಲಸವಿಲ್ಲದ ಕೈ.

ಅಂಥ ಊರಲ್ಲಿ 1941ರ ಫೆಬ್ರವರಿ 14ರಂದು ಅವಳಿ ಸೋದರಿಯ ಜೊತೆಗೆ ಪಾಲ್ ಹುಟ್ಟಿದ. ತಂದೆ ಗ್ರೀಸ್‌ನಿಂದ ಬಂದವನು, ಡ್ರೈಕ್ಲೀನಿಂಗ್ ಅಂಗಡಿ ಇಟ್ಟಿದ್ದ. ಮಕ್ಕಳು ಚಿಕ್ಕವರಿದ್ದಾಗಲೇ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಹುಡುಗ ಓದಿನಲ್ಲಿ ಮುಂದು, ಈಜಿನಲ್ಲೂ ಮುಂದು. ಡಾರ್ಟ್‌ಮತ್ ಕಾಲೇಜು ಮುಗಿಸಿ 1962ರಿಂದ 64ರವರೆಗೆ ಪೀಸ್ ಕೋರ್ ಸ್ವಯಂಸೇವಕನಾಗಿ ಇಥಿಯೋಪಿಯಾದ ವೊಲಿಸೊ ಎಂಬಲ್ಲಿ ಮಕ್ಕಳಿಗೆ ಪಾಠ ಹೇಳಿದ. 1967ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ವಕೀಲಿ ಪದವಿ ಪಡೆದ. ಇಷ್ಟು ಓದಿದವನು ಬಾಸ್ಟನ್ನೋ ನ್ಯೂಯಾರ್ಕೋ ಹಿಡಿದು ದುಡ್ಡು ಎಣಿಸಬಹುದಿತ್ತು. ಈತ 1969ರಲ್ಲಿ ಲೋವೆಲ್ ನಗರಸಭೆಗೆ ನಿಂತು ಗೆದ್ದ.

ವಕೀಲಿ ಮಾಡುತ್ತಲೇ ಕೌಂಟಿಯ ಕಮಿಷನರ್ ಆದ, 1974ರಲ್ಲಿ ಗೆದ್ದು ಅಮೆರಿಕದ ಸಂಸತ್ತಿನ ಕೆಳಮನೆಗೆ ಹೋದ, 1978ರಲ್ಲಿ ಸೆನೆಟ್‌ಗೆ ಆರಿಸಿ ಬಂದ. ಈ ಮೆಟ್ಟಿಲುಗಳೆಲ್ಲ ಬೇಗ ಹೇಳಿ ಮುಗಿಸುವಂಥವು. ನಿಂತು ನೋಡಬೇಕಾದದ್ದು ಆತ ಊರಿಗೆ ಮಾಡಿದ ಕೆಲಸ. ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣತಜ್ಞರಿಗೆ ಒಂದು ಹುಚ್ಚಿತ್ತು. ಗಿರಣಿ, ಕಾಲುವೆ, ಕೂಲಿಕಾರರ ಬದುಕು, ಇವೇ ಈ ಊರಿನ ಆಸ್ತಿ, ಊರಿಗೆ ಊರೇ ಒಂದು ಪಾಠಶಾಲೆ ಆಗಬೇಕು ಅಂತ. ಹಳೇದನ್ನು ಕೆಡವಿದರೆ ಉದ್ಧಾರ ಅಂತ ನಂಬಿದ್ದ ಕಾಲದಲ್ಲಿ ಇದನ್ನು ಕೇಳೋರು ಯಾರು? ಸಾಂಗಸ್ ಕೇಳಿದ. ವಾಷಿಂಗ್ಟನ್‌ನಲ್ಲಿ ಬೆನ್ನು ಹತ್ತಿ ಮಸೂದೆ ಪಾಸು ಮಾಡಿಸಿದ. 1978ರ ಜೂನ್‌ನಲ್ಲಿ ಲೋವೆಲ್ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ ಕಾನೂನಾಯಿತು. ರಾಜರ ಕೋಟೆಗಲ್ಲ, ಯುದ್ಧಭೂಮಿಗಲ್ಲ, ಕೂಲಿ ಮಾಡಿದವರ ಜಾಗಕ್ಕೆ ಸಿಕ್ಕ ಮರ್ಯಾದೆ ಅದು. ಇತ್ತ ಊರಿನ ಬ್ಯಾಂಕುಗಳೂ ದುಡ್ಡು ಹಾಕಿ, ಹಳೇ ಕಟ್ಟಡ ರಿಪೇರಿಗೆ ಕಡಿಮೆ ಬಡ್ಡಿ ಸಾಲ ಸಿಗುವ ಏರ್ಪಾಡಾಯಿತು. ಸರ್ಕಾರದ ದುಡ್ಡೊಂದನ್ನೇ ನಂಬಿ ಕೂರಬಾರದು ಅನ್ನೋದು ಅಂಗಡಿಕಾರನ ಮಗನಿಗೆ ಗೊತ್ತಿತ್ತು.

1983ರಲ್ಲಿ ಕ್ಯಾನ್ಸರ್ ಕಾಣಿಸಿತು. ವಯಸ್ಸು ಬರೀ ನಲವತ್ತೆರಡು. ಮೂವರು ಹೆಣ್ಣುಮಕ್ಕಳು ಇನ್ನೂ ಚಿಕ್ಕವರು. ಸೆನೆಟ್ ಖುರ್ಚಿ ಬಿಟ್ಟು ಬರೋದು ಅಂದರೆ ನಮ್ಮಲ್ಲಿ ಪಂಚಾಯ್ತಿ ಮೆಂಬರನೂ ಮಾಡದ ಕೆಲಸ! ಈತ 1984ರಲ್ಲಿ ಮತ್ತೆ ಸ್ಪರ್ಧಿಸೋದಿಲ್ಲ ಅಂತ ಹೇಳಿ ಹೆಂಡತಿ ಮಕ್ಕಳ ಹತ್ತಿರ ಊರಿಗೆ ಬಂದ, ಮತ್ತೆ ವಕೀಲಿ ಹಿಡಿದ. ಕಾಯಿಲೆ ಬಂತು, ಅದಕ್ಕೆ ಬಂದ ಅಂತ ಯಾರಾದರೂ ಅನ್ನಬಹುದು. ನನಗೆ ಹಂಗನ್ನಿಸೋದಿಲ್ಲ. ಮನಸ್ಸು ಊರಲ್ಲೇ ಇಲ್ಲದಿದ್ದರೆ ಕಾಯಿಲೆಯವನೂ ರಾಜಧಾನಿಯ ದೊಡ್ಡ ಆಸ್ಪತ್ರೆಯ ಪಕ್ಕದಲ್ಲೇ ಇರ್ತಾನೆ. 1986ರಲ್ಲಿ ಆತನದೇ ಅಸ್ಥಿಮಜ್ಜೆ ತೆಗೆದು, ಶುದ್ಧಮಾಡಿ ಮತ್ತೆ ಮೈಗೆ ಸೇರಿಸಿದರು. ಆಗ ಅದು ಹೊಸ ಚಿಕಿತ್ಸೆ. ಬದುಕಿದ.

ಬದುಕಿದ್ದಷ್ಟೇ ಅಲ್ಲ, 1991ರಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವುದಾಗಿ ಲೋವೆಲ್‌ನಲ್ಲೇ ಸಾರಿದ. ಮಧ್ಯಮ ವರ್ಗದವರಿಗೆ ತೆರಿಗೆ ಇಳಿಸ್ತೀನಿ ಅಂತ ಆಸೆ ತೋರಿಸಲಿಲ್ಲ, ದೇಶದ ಸಾಲದ ಲೆಕ್ಕ ಹೇಳಿದ. ಆದರೂ 1992ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಬಿಲ್ ಕ್ಲಿಂಟನ್‌ನನ್ನು ಹಿಂದೆ ಹಾಕಿದ. ಮುಂದಿನ ರಾಜ್ಯಗಳಲ್ಲಿ ದುಡ್ಡೂ ಸಾಲಲಿಲ್ಲ, ಓಟೂ ಸಾಲಲಿಲ್ಲ. ಮಾರ್ಚ್‌ನಲ್ಲಿ ಹಿಂದೆ ಸರಿದ.

ಇಲ್ಲೊಂದು ಸಂಗತಿ ಮುಚ್ಚಿಡಬಾರದು. ಮೈ ಗಟ್ಟಿಯಿದೆ ಅಂತ ತೋರಿಸಲು ಈಜುವ ಚಿತ್ರ ಹಾಕಿ ಪ್ರಚಾರ ಮಾಡಿದ್ದರು. 1986ರ ಮೇಲೆ ಕ್ಯಾನ್ಸರ್ ಸುಳಿದೇ ಇಲ್ಲ ಅಂತಲೂ ಹೇಳಿದ್ದರು. ಅದು ನಿಜವಲ್ಲ. 1987ರಲ್ಲಿ ಅದು ಒಮ್ಮೆ ಮರಳಿತ್ತು, ಚಿಕಿತ್ಸೆಯೂ ಆಗಿತ್ತು. ಸಾಲದ ಲೆಕ್ಕ ಬಿಚ್ಚಿ ಹೇಳಿದವನು ಮೈಯ ಲೆಕ್ಕ ಬಿಚ್ಚಿ ಹೇಳಲಿಲ್ಲ. ಓಟು ಹಾಕುವವನಿಗೆ ಅದನ್ನು ತಿಳಿಯುವ ಹಕ್ಕಿತ್ತು. ಆತನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ತಪ್ಪಲ್ಲ ಅನ್ನಲಾರೆ. ಆ ವರ್ಷ ಮುಗಿಯುವುದರೊಳಗೆ ಕ್ಯಾನ್ಸರ್ ಮತ್ತೆ ಬಂತು. ಗೆದ್ದಿದ್ದರೆ ಪ್ರಮಾಣವಚನಕ್ಕೆ ಮುಂಚೆಯೇ ಹಾಸಿಗೆ ಹಿಡಿದ ಅಧ್ಯಕ್ಷನಾಗಿರುತ್ತಿದ್ದ.

ಎದುರು ಪಕ್ಷದ ವಾರನ್ ರಡ್ಮನ್ ಜೊತೆ ಸೇರಿ ದೇಶದ ಸಾಲದ ವಿರುದ್ಧ ಕಾಂಕಾರ್ಡ್ ಕೊಯಲಿಷನ್ ಎಂಬ ಸಂಸ್ಥೆ ಕಟ್ಟಿ ಊರೂರು ತಿರುಗಿದ. 1996ರಲ್ಲಿ ಅವಳಿ ಸೋದರಿಯೇ ಅಸ್ಥಿಮಜ್ಜೆ ಕೊಟ್ಟಳು. ಜೊತೆಗೆ ಹುಟ್ಟಿದವಳು ಕೊಟ್ಟರೂ ಉಳಿಯಲಿಲ್ಲ. 1997ರ ಜನವರಿ 18ರಂದು ನ್ಯುಮೋನಿಯಾದಿಂದ ಕಣ್ಣು ಮುಚ್ಚಿದ. ವಯಸ್ಸು 55. ಆತ ಬಯಸಿದ್ದ ಅಧ್ಯಕ್ಷಗಿರಿಯ ಅವಧಿ ಮುಗಿಯಲು ಇನ್ನೆರಡು ದಿನ ಬಾಕಿ ಇತ್ತು.

ಮಣ್ಣಾದದ್ದೂ ಲೋವೆಲ್‌ನಲ್ಲೇ. 1998ರಲ್ಲಿ ಅಲ್ಲಿ ತೆರೆದ ದೊಡ್ಡ ಕ್ರೀಡಾಂಗಣಕ್ಕೆ ಆತನ ಹೆಸರಿಟ್ಟರು. ಹೆಂಡತಿ ನಿಕಿ, ಆಕೆಯೂ ವಕೀಲೆ, 2007ರಲ್ಲಿ ಗೆದ್ದು ಸಂಸತ್ತಿಗೆ ಹೋಗಿ 2019ರ ಜನವರಿವರೆಗೂ ಇದ್ದಳು. ಊರಿನ ಹಳೆಯ ಬೂಟ್ ಗಿರಣಿ ಈಗ ಮ್ಯೂಸಿಯಂ. ನೋಡಲು ಬಂದವರಿಗಾಗಿ ಅಲ್ಲಿ ಮಗ್ಗ ಓಡಿಸಿ ತೋರಿಸ್ತಾರೆ. ಆ ಸದ್ದಿಗೆ ಕಿವಿ ಕಿತ್ತುಹೋಗ್ತದಂತೆ, ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡ್ತಾರೆ.