ಅಬ್ರಹಾಂ ಲಿಂಕನ್ನನ ಕ್ಷಮಾದಾನ

ಅಬ್ರಹಾಂ ಲಿಂಕನ್ನನು 1809ನೆಯ ಇಸವಿ ಫೆಬ್ರವರಿ 12ರಂದು ಕೆಂಟಕಿ ಸಂಸ್ಥಾನದ ಒಂದು ಮರದ ಗುಡಿಸಲಿನಲ್ಲಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ ಮಾತೃವಿಯೋಗವಾಯಿತು. ಶಾಲೆಯಲ್ಲಿ ಅವನು ಕಲಿತ ಕಾಲವೆಲ್ಲ ಕೂಡಿದರೂ ಒಂದು ವರ್ಷವಾಗದು. ಸ್ವಪ್ರಯತ್ನದಿಂದಲೇ ವಕೀಲನಾಗಿ, 1861ರಲ್ಲಿ ಅಮೆರಿಕದ ಅಧ್ಯಕ್ಷಪದವಿಯನ್ನೇರಿದನು. ದಂಡನೆಗೊಳಗಾದವರನ್ನು ಕ್ಷಮಿಸುವ ಅಧಿಕಾರವನ್ನು ಆ ದೇಶದ ರಾಜ್ಯಾಂಗವು ಅಧ್ಯಕ್ಷನಿಗೆ ವಹಿಸಿದೆ.

1862ರಲ್ಲಿ ಮಿನ್ನೆಸೋಟದ ಡಕೋಟ ಜನರು, ತಮಗೆ ಸಲ್ಲಬೇಕಾದ ಹಣವು ಸಕಾಲದಲ್ಲಿ ಬಾರದೆ, ಹಸಿವಿನಿಂದ ಕಂಗೆಟ್ಟು ದಂಗೆಯೆದ್ದರು. ನೂರಾರು ಮಂದಿ ಬಿಳಿಯರು ಹತರಾದರು. ಸೇನಾ ನ್ಯಾಯಸ್ಥಾನವು 303 ಡಕೋಟರಿಗೆ ಮರಣದಂಡನೆಯನ್ನು ವಿಧಿಸಿತು. ಕೆಲವು ವಿಚಾರಣೆಗಳು ಐದು ನಿಮಿಷಗಳೊಳಗೇ ಮುಗಿದಿದ್ದುವು! ಎಲ್ಲರನ್ನೂ ಗಲ್ಲಿಗೇರಿಸಬೇಕೆಂದು ಆ ಸೀಮೆಯ ಜನರು ಕೂಗೆಬ್ಬಿಸಿದರು. ಬಿಷಪ್ ವಿಪ್ಪಲ್‌ರವರು ಮಾತ್ರ ಜನಾಪವಾದಕ್ಕಂಜದೆ ಡಕೋಟರ ಪರವಾಗಿ ಅಧ್ಯಕ್ಷನಲ್ಲಿ ಬಿನ್ನವಿಸಿದರು. ಲಿಂಕನ್ನನು ಕಾಗದಪತ್ರಗಳನ್ನೆಲ್ಲ ತರಿಸಿ ಪರಿಶೀಲಿಸಿ, 39 ಹೆಸರುಗಳನ್ನು ಸ್ವಹಸ್ತದಿಂದ ಬರೆದು, ಮಿಕ್ಕವರ ವಧೆಯನ್ನು ತಡೆದನು. ಕಡೆಗೆ ಇನ್ನೊಬ್ಬನೂ ಪಾರಾದನು. ಕ್ರಿಸ್ಮಸ್ ಹಬ್ಬದ ಮರುದಿನ ಮಂಕೇಟೊ ಪಟ್ಟಣದಲ್ಲಿ 38 ಮಂದಿ ಏಕಕಾಲಕ್ಕೆ ಗಲ್ಲಿಗೇರಿದರು. ಇದನ್ನು ಪೂರ್ಣದಯೆಯೆನ್ನಲು ನಮ್ಮ ಮನಸ್ಸು ಒಡಂಬಡದು; ಆದರೂ, ಅಂತರ್ಯುದ್ಧದ ನಡುವೆ ಆ ಕಡತಗಳನ್ನು ತೆರೆದು ನೋಡಿದವನು ಅವನೇ.

1865ರ ಶುಭ ಶುಕ್ರವಾರದ ರಾತ್ರಿ ಲಿಂಕನ್ನನು ಹಂತಕನ ಗುಂಡಿಗೀಡಾಗಿ, ಮರುದಿನ ಮುಂಜಾನೆ ತೀರಿಕೊಂಡನು. ಉಳಿದ ಡಕೋಟರಲ್ಲಿ ಅನೇಕರು ಸೆರೆಯಲ್ಲೇ ಮಡಿದರು; ಬದುಕಿದ್ದವರಿಗೆ 1866ರಲ್ಲಿ ಅಧ್ಯಕ್ಷ ಜಾನ್ಸನ್ನನ ಅಪ್ಪಣೆಯಿಂದ ಬಿಡುಗಡೆಯಾಯಿತು.