ಆರು ತಿಂಗಳ ಪ್ರವಾಸ, ಮೂವತ್ತು ವರ್ಷದ ಬುತ್ತಿ

1832ರ ಜನವರಿಯಲ್ಲಿ ಫ್ರಾನ್ಸಿನ ತೂಲೋನ್ ಬಂದರಿನಿಂದ ಒಂದು ಹಡಗು ಮೊರಾಕೋ ದೇಶಕ್ಕೆ ಹೊರಟಿತು. ಅದರಲ್ಲಿ ಸುಲ್ತಾನನನ್ನು ಕಾಣಲು ಹೊರಟ ರಾಯಭಾರಿ ಕೌಂಟ್ ದ ಮೋರ್ನೆ ಇದ್ದನು. ಅವನಿಗೆ ಜೊತೆಗಾರನಾಗಿ ಚಿತ್ರಕಾರನೊಬ್ಬನಿದ್ದನು. ರಾಜಕಾರ್ಯದಲ್ಲಿ ಈ ಚಿತ್ರಕಾರನಿಗೆ ಕೆಲಸವೇನೂ ಇರಲಿಲ್ಲ. ಇಂದು ಆ ರಾಯಭಾರವನ್ನು ಜಗತ್ತು ನೆನೆಯುವುದಾದರೆ ಅದು ಇವನಿಂದಲೇ. ಇವನೇ ಯೂಜೀನ್ ಡೆಲಾಕ್ರ್ವಾ.

ಹುಟ್ಟಿದ್ದು 1798ರಲ್ಲಿ, ಪ್ಯಾರಿಸಿನ ಸಮೀಪ. ಹದಿನೇಳು ತುಂಬುವ ಹೊತ್ತಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದನು. 1830ರ ಕ್ರಾಂತಿಯನ್ನು ಕುರಿತ ಅವನ ಚಿತ್ರ, ಧ್ವಜ ಹಿಡಿದು ಮುನ್ನಡೆಯುವ ಸ್ವಾತಂತ್ರ್ಯದೇವಿಯದು, ಎಲ್ಲರಿಗೂ ಪರಿಚಿತ. ಆದರೆ ನಾನು ಹೇಳಹೊರಟಿರುವುದು ಅವನ ಕಿಸೆಯಲ್ಲಿದ್ದ ಪುಸ್ತಕಗಳ ಸಂಗತಿ.

ಮೊರಾಕೋದ ಬೀದಿಗಳಲ್ಲಿ ತಮ್ಮ ಚಿತ್ರ ಬರೆಯುವುದು ಜನರಿಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಕದ್ದು ನೋಡಬೇಕು, ಬೇಗ ಬರೆಯಬೇಕು. ಟ್ಯಾಂಜಿಯರಿನ ಯೆಹೂದ್ಯರ ಮನೆಗಳು ಮಾತ್ರ ಅವನಿಗೆ ತೆರೆದಿದ್ದವು. ಅಲ್ಲಿ ಒಂದು ಮದುವೆಯನ್ನೂ ಕಂಡನು. ಪೆನ್ಸಿಲಿನಿಂದ ನಾಲ್ಕು ಗೆರೆ ಎಳೆಯುವನು. ಬಣ್ಣ ಹಚ್ಚಲು ಬಿಡುವಿಲ್ಲದಿದ್ದರೆ ಗೋಡೆ ಯಾವ ಬಣ್ಣ, ಅಂಗಿ ಯಾವ ಬಣ್ಣ, ನೆರಳು ಎಲ್ಲಿ ಬಿತ್ತು ಎಂದು ಪಕ್ಕದಲ್ಲೇ ಗೀಚಿಡುವನು. ಬಿಡುವಾದಾಗ ಅದಕ್ಕೆ ನೀರುಬಣ್ಣ. ಹೀಗೆ ಏಳು ಪುಸ್ತಕಗಳು ತುಂಬಿದವು. ಮಾರ್ಚ್ 22ರಂದು ಮೆಕ್ನೆಸ್ ನಗರದಲ್ಲಿ ಸುಲ್ತಾನ್ ಅಬ್ದುರ್ರಹಮಾನನ ದರ್ಶನವಾಯಿತು. ಅದೂ ಪುಸ್ತಕ ಸೇರಿತು.

ಮರಳುವಾಗ ಜೂನಿನಲ್ಲಿ ಅಲ್ಜೀಯರ್ಸಿನಲ್ಲಿ ಮೂರು ದಿನದ ತಂಗು. ಅಲ್ಲಿ ಒಂದು ಮನೆಯ ಅಂತಃಪುರಕ್ಕೆ ಅವನಿಗೆ ಪ್ರವೇಶ ದೊರೆಯಿತು. ಫ್ರೆಂಚರು ಆ ನಗರವನ್ನು ವಶಪಡಿಸಿಕೊಂಡು ಆಗ ಎರಡೇ ವರ್ಷ. ಗೆದ್ದವರ ಕಡೆಯವನಾದ್ದರಿಂದಲೇ ಆ ಬಾಗಿಲು ತೆರೆಯಿತೆಂಬುದನ್ನು ಮರೆಯಲಾಗದು. 1834ರ ‘ಅಲ್ಜೀಯರ್ಸಿನ ಹೆಂಗಸರು’ ಎಂಬ ಚಿತ್ರ ಮೂಡಿದ್ದು ಆ ಭೇಟಿಯಿಂದ.

ಜುಲೈ ತಿಂಗಳಲ್ಲಿ ತೂಲೋನಿಗೆ ಮರಳಿದವನು ಮತ್ತೆಂದೂ ಆಫ್ರಿಕಕ್ಕೆ ಹೋಗಲಿಲ್ಲ. ಆದರೆ ಬುತ್ತಿ ಬರಿದಾಗಲಿಲ್ಲ. ಟ್ಯಾಂಜಿಯರಿನ ಮದುವೆ ಪ್ರದರ್ಶನಕ್ಕೆ ಬಂದದ್ದು 1841ರಲ್ಲಿ. ಸುಲ್ತಾನನ ಚಿತ್ರ, ಹನ್ನೆರಡು ಅಡಿಗೂ ಎತ್ತರದ್ದು, 1845ರಲ್ಲಿ. ಮೊದಲ ಕರಡಿನಲ್ಲಿ ಮೋರ್ನೆಯೂ ಇದ್ದನು. ಮುಗಿದ ಚಿತ್ರದಲ್ಲಿ ಸುಲ್ತಾನನಿದ್ದಾನೆ, ಹಸಿರು ಛತ್ರಿಯಿದೆ, ರಾಯಭಾರಿ ಮಾತ್ರ ಇಲ್ಲ! ಹಿಂದಿನ ವರ್ಷವಷ್ಟೇ ಎರಡು ದೇಶಗಳಿಗೂ ಯುದ್ಧವಾಗಿತ್ತು. ಅಲ್ಜೀಯರ್ಸಿನ ಹೆಂಗಸರನ್ನು 1849ರಲ್ಲಿ ಮತ್ತೊಮ್ಮೆ ಬರೆದನು. ಈ ಸಲ ಅವರು ಹಿಂದೆ ಸರಿದು ಮಬ್ಬುಬೆಳಕಿನಲ್ಲಿ ಕುಳಿತಿದ್ದಾರೆ. ಒಡವೆ ವಸ್ತ್ರಗಳ ವಿವರ ಕರಗಿದೆ. ನನಗಂತೂ ಇದೇ ಹೆಚ್ಚು ಹಿಡಿಸುತ್ತದೆ.

ಇದು ಕೈಸೋತದ್ದಲ್ಲ. 1853ರಲ್ಲಿ ತನ್ನ ದಿನಚರಿಯಲ್ಲಿ ಅವನೇ ಈ ವಿಷಯ ಬರೆದುಕೊಂಡನು: ಆಫ್ರಿಕದ ಸಣ್ಣಪುಟ್ಟ ವಿವರಗಳು ಮರೆತುಹೋಗಿ, ಮನಸ್ಸಿಗೆ ನಾಟಿದ್ದು ಮಾತ್ರ ಉಳಿದ ಮೇಲೆಯೇ ತನ್ನ ಚಿತ್ರಗಳು ಒಂದು ಮಟ್ಟಕ್ಕೆ ಬಂದವೆಂದು ಅವನ ಎಣಿಕೆ. ಹಾಗಾದರೆ ಅಷ್ಟು ಕಷ್ಟಪಟ್ಟು ಬರೆದಿಟ್ಟದ್ದೇಕೆ ಎಂದು ಕೇಳಬಹುದು. ಪುಸ್ತಕ ನೆನಪಿಟ್ಟುಕೊಂಡಿದ್ದರಿಂದ ಅವನು ಧೈರ್ಯವಾಗಿ ಮರೆಯಬಲ್ಲವನಾದನು ಎಂದು ನನಗೆ ತೋರುತ್ತದೆ. ಟ್ಯಾಂಜಿಯರಿನ ಬಳಿ ಸವಾರಿಯ ನಡುವೆ ಎರಡು ಕುದುರೆಗಳು ಕಾದಾಡಿದ್ದನ್ನು ಬಂದ ವಾರದಲ್ಲೇ ಗುರುತು ಹಾಕಿಕೊಂಡಿದ್ದನು. ಇಪ್ಪತ್ತೆಂಟು ವರ್ಷದ ಮೇಲೆ, 1860ರಲ್ಲಿ, ಅಂಥ ಕಾದಾಟವನ್ನು ಒಂದು ಕತ್ತಲ ಲಾಯದೊಳಗೆ ತಂದು ಬರೆದನು.

1863ರಲ್ಲಿಯೂ ಬೆಟ್ಟದಲ್ಲಿ ಹೋರಾಡುವ ಅರಬರ ಚಿತ್ರವೊಂದನ್ನು ಮುಗಿಸಿದನು. ಅದೇ ಆಗಸ್ಟ್ 13ರಂದು ತೀರಿಕೊಂಡನು. ಮರುವರ್ಷ ಅವನ ಚಿತ್ರಶಾಲೆಯ ಸಾಮಗ್ರಿಯೆಲ್ಲ ಹರಾಜಾಗಿ ಮೊರಾಕೋ ಪುಸ್ತಕಗಳು ಚದುರಿದವು. ಒಂದು ಷಾಂಟಿಯಿಯ ಸಂಗ್ರಹಾಲಯ ಸೇರಿದೆ. ಲೂವ್ರ್ ಸಂಗ್ರಹಾಲಯದಲ್ಲಿಯೂ ಕೆಲವಿವೆ.